ತಾಷ್ಕೆಂಟಿನ ಬಾಗಿಲು, ಸತ್ಯನಾರಾಯಣಪೇಟೆಯ ಗೋಡೆ

ವಿದೇಶ ಪ್ರವಾಸದ ನಿಜವಾದ ದಣಿವು ಊರಿಗೆ ಬಂದಮೇಲೆ ಶುರುವಾಗುತ್ತದೆ. ಕಂಡದ್ದನ್ನು ಹೇಳೋಣವೆಂದರೆ ಕೇಳುವವರೇ ಸಿಗುವುದಿಲ್ಲ. ದಿನಾ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗಿ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ಸೊಂಟ ಸವೆಸಿಕೊಂಡ ನಾನು, ನಿವೃತ್ತನಾದಮೇಲೆ ಒಂದು ಗುಂಪಿನ ಜೊತೆ ತಾಷ್ಕೆಂಟಿಗೆ ಹೋಗಿಬಂದೆ. ಆ ಊರಿನ ಇತಿಹಾಸಕ್ಕೆ ಪುಸ್ತಕ ಬೇಡ, ಬೀದಿಯಲ್ಲಿ ನಡೆದರೆ ಸಾಕು. ಹಳೇ ಇಟ್ಟಿಗೆಯ ಗುಮ್ಮಟ ಖಾನರ ಕಾಲದ್ದು, ಎತ್ತರದ ಕಿಟಕಿಗಳ ಕಟ್ಟಡ ರಷ್ಯದ ಚಕ್ರವರ್ತಿಗಳ ಕಾಲದ್ದು, ಬೆಂಕಿಪೊಟ್ಟಣ ಜೋಡಿಸಿಟ್ಟಂಥ ವಸತಿಗಳು ಸೋವಿಯತ್ತಿನವು, ಗಾಜು ಹೊದ್ದು ಹೊಳೆಯುವವು ಈಗಿನವು. ಒಂದು ಬಾಗಿಲ ಮೇಲೆ ಹಿಂದಿನ ಸರಕಾರದ ಲಾಂಛನವನ್ನು ಕೆತ್ತಿಹಾಕಿ ಸುಣ್ಣ ಬಳಿದಿದ್ದರು. ಗುರುತು ಮಾತ್ರ ಉಳಿದಿತ್ತು. "ಎಂಥಾ ಜನ! ಹಿಂದಿನವರನ್ನು ಹೀಗೆ ಅಳಿಸುವುದೇ?" ಎಂದು ಅಲ್ಲೇ ನಿಂತು ಭಾಷಣ ಬಿಗಿದೆ. ತಿರುಗಿ ನೋಡಿದರೆ ಗುಂಪಿನವರೆಲ್ಲ ಬಸ್ಸು ಹತ್ತಿ ಕೂತಿದ್ದರು.

ಮನೆಯಲ್ಲೂ ಅದೇ ಪಾಡು. ನಾನು "ತಾಷ್ಕೆಂಟ್" ಎನ್ನುವಷ್ಟರಲ್ಲಿ ಹೆಂಡತಿ ಶಾಂತಾ ಅಡುಗೆಮನೆಗೆ ಎದ್ದುಹೋಗುತ್ತಿದ್ದಳು. ಕೊನೆಗೆ ಸಿಕ್ಕವರು ಕುರುಗೋಡಿನ ಗೌಂಡಿ ಖಾಸಿಂ ಸಾಬರು. ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮುಂದಿನ ಗೋಡೆಯ ಟೈಲ್ಸ್ ಉದುರುತ್ತಿದ್ದವು, ಕೀಳಿಸಲು ಕರೆಸಿದ್ದೆ. ಕೆಲಸಕ್ಕೆ ಬಂದವರು ಎದ್ದುಹೋಗುವಂತಿಲ್ಲವಲ್ಲ! ಅವರು ಉಳಿ ಬಡಿಯುತ್ತಿದ್ದರು, ನಾನು ಲಾಂಛನದ ಕಥೆ ಹೇಳುತ್ತಿದ್ದೆ. ಎಂ.ಎ. ಸಮೇತ ನನ್ನ ಹೆಸರಿದ್ದ ಗ್ರಾನೈಟ್ ಫಲಕವೂ ಕೆಳಗಿಳಿಯಿತು. ಅದರ ಹಿಂದಿದ್ದ ಗೋಡೆಯನ್ನು ಸಾಬರು ಅಂಗೈಯಿಂದ ಒರೆಸಿದರು.

"ಸರ, ಇಲ್ಲಿ ಅಕ್ಷರ ಇದ್ದಂಗ ಕಾಣ್ತೈತಿ ನೋಡ್ರಿ. ಗೌರಮ್ಮ ನಿಲಯ... ಯಾರ್ರಿ ಇದನ್ನ ಕೆತ್ತಿಹಾಕಿದವ್ರು?"

ಗೌರಮ್ಮ ನನ್ನ ಅವ್ವ. ಮನೆ ಕಟ್ಟಿಸಿದಾಗ ಅಪ್ಪ ಅವಳ ಹೆಸರನ್ನು ಗಾರೆಯಲ್ಲಿ ಉಬ್ಬಕ್ಷರವಾಗಿ ಮಾಡಿಸಿದ್ದರು.

ಶಾಂತಾ ಬಾಗಿಲಿಗೆ ಬಂದಳು. "ಇವರೇರಿ. ಉಬ್ಬು ಇದ್ರ ಟೈಲ್ಸ್ ಕೂಡಂಗಿಲ್ಲ ಅಂತ ಕೆತ್ತಿಸಿದ್ರು. ಅತ್ತಿ ಕಟ್ಟಿಮ್ಯಾಲ ಕುಂತು ನೋಡಾಕತ್ತಿದ್ರು. 'ಧೂಳ ಒಳಗ ಬರ್ತೈತಿ, ಬಾಗಲಾ ಹಾಕವ್ವ' ಅಂದ್ರು, ಅಷ್ಟ."

ಆ ಮಾತು ನನಗೆ ಗೊತ್ತಿರಲಿಲ್ಲ. ಅವ್ವ ತೀರಿಕೊಂಡು ಎಷ್ಟೋ ವರ್ಷವಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು.

"ಸಾಬ್ರ, ಮೊದ್ಲಿನಂಗ ಮಾಡಾಕ ಬರ್ತೈತೇನ್ರಿ?"

"ಹೊಸದು ಮಾಡ್ತೀನ್ರಿ ಸರ. ಅದ ಬೇಕಂದ್ರ ಬರಂಗಿಲ್ರಿ."

ಹೊಸದು ಬೇಡವೆಂದೆ. ಗೋಡೆ ಹಾಗೇ ಇದೆ. ದಾರಿಯಲ್ಲಿ ಹೋಗುವವರು ನಿಂತು, "ಸರ, ಏನ್ರಿ ಇದರ ಇತಿಹಾಸ?" ಎಂದು ಕೇಳುತ್ತಾರೆ. ಮೇಷ್ಟರಾಗಿ ಜೀವಮಾನವಿಡೀ ಇಂಥ ಪ್ರಶ್ನೆಗೆ ಕಾದಿದ್ದೆ. ಈಗ ಅಡುಗೆಮನೆಗೆ ಎದ್ದುಹೋಗುವವನು ನಾನು.