ಇನ್ನೂರ ಹದಿನಾಲ್ಕು ಜನರ ಒಪ್ಪಿಗೆ

ಏಳನೇ ತರಗತಿಯಿಂದ ಒಂದು ದಿನವೂ ನಾನು ದಿನಚರಿ ತಪ್ಪಿಸಿಲ್ಲ. ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಇಡ್ಲಿ ತಿಂದೆ, ಶಿಡ್ಲಘಟ್ಟದ ಬಸ್ಸು ಎಷ್ಟು ನಿಮಿಷ ತಡ, ಎಲ್ಲಕ್ಕೂ ಲೆಕ್ಕವಿದೆ. ಹಾಗಾಗಿ ನಮ್ಮ ಕಂಪನಿಗೆ ಸರ್ಕಾರದ ಕಾಗದ ಬಂದ ದಿನ ನಾನು ಹೆದರಲಿಲ್ಲ. ಹೀಗೆ ಬರೆದುಕೊಂಡೆ: 'ಸೋಮವಾರ. ಕಾಗದ ಒಂದು. ಅವಧಿ ಹದಿನೈದು ದಿನ. ಚಿಂತೆ ಶೂನ್ಯ.'

ಕಂಪನಿ ಎಂದರೆ ಅಕ್ಕ ಮತ್ತು ನಾನು. ಚಿಂತಾಮಣಿಯ ಶಾಲೆಯೊಂದರಲ್ಲಿದ್ದ ಕಂಪ್ಯೂಟರ್ ಟೀಚರ್ ಕೆಲಸ ಬಿಟ್ಟು, ಮೂರು ವರ್ಷ ಕೂತು ಅಕ್ಕ ಒಂದು ಆ್ಯಪ್ ಮಾಡಿದ್ದಳು. ರೇಷ್ಮೆ ಹುಳು ಕೊನೆಯ ವಾರದಲ್ಲಿ ರಾಕ್ಷಸನ ಹಾಗೆ ತಿನ್ನುತ್ತದೆ. ತೋಟದ ಹಿಪ್ಪುನೇರಳೆ ಸೊಪ್ಪು ಸಾಲದವರನ್ನೂ ಸೊಪ್ಪು ಮಿಕ್ಕವರನ್ನೂ ಆ್ಯಪ್ ಜೋಡಿಸುತ್ತಿತ್ತು. ಮೂರನೆಯವರಿಗೆ ಸುಳಿವೂ ಸಿಗುತ್ತಿರಲಿಲ್ಲ. ನಮ್ಮ ಕಡೆ ಅದೇ ಅದರ ದೊಡ್ಡ ಗುಣ. ಹುಳು ತರುವುದು ಮೊಟ್ಟೆಯ ಲೆಕ್ಕದಲ್ಲಿ. ಮನೆಗೆ ಎಷ್ಟು ಮೊಟ್ಟೆ ತಂದಿದ್ದೇವೆಂದು ಇಲ್ಲಿ ಯಾರೂ ಹೊರಗೆ ಹೇಳುವುದಿಲ್ಲ, ದೃಷ್ಟಿಯಾಗುತ್ತದೆ. ಇನ್ನೂರ ಹದಿನಾಲ್ಕು ಜನ ಆ ಗುಟ್ಟನ್ನು ನಂಬಿ ಅಕ್ಕನಿಗೆ ಕೊಟ್ಟಿದ್ದರು.

ಜನರ ಮಾಹಿತಿ ಇಟ್ಟುಕೊಂಡವರು ಅವರ ಒಪ್ಪಿಗೆ ಪಡೆದಿದ್ದಾರೆಯೇ ಎಂದು ಹೊಸ ಕಾನೂನಿನ ಪ್ರಕಾರ ಪರಿಶೀಲಿಸಲಾಗುವುದು, ಇಲ್ಲವಾದರೆ ಸೇವೆ ನಿಲ್ಲಿಸಬೇಕು. ಕಾಗದದ ಸಾರ ಇಷ್ಟೇ.

"ಆ್ಯಪ್ ತೆಗೆದ ತಕ್ಷಣ 'ಒಪ್ತೀರಾ' ಅಂತ ಒಂದು ಬಟನ್ ಬರೋ ಹಂಗೆ ಮಾಡಿದ್ರಾಯ್ತು. ನಗರಗೆರೆಗೆ ಹೋಗಿ ಬಂದು ಮಾಡ್ತೀನಿ. ಅಲ್ಲೀವರ್ಗೂ ನೀನು ಏನೂ ಮಾಡ್ಬೇಡ ಕಣೋ" ಎಂದು ಹೇಳಿ, ಹೊಸ ಬಳಕೆದಾರರನ್ನು ಸೇರಿಸಲು ಅಕ್ಕ ಒಂದು ವಾರಕ್ಕೆ ಹೊರಟಳು.

ಏನೂ ಮಾಡದಿರುವುದು ನನ್ನ ಅಭ್ಯಾಸವಲ್ಲ.

ಮಂಗಳವಾರ ಎಲ್ಲರಿಗೂ ಸಂದೇಶ ಕಳಿಸಿದೆ. 'ಮಾನ್ಯರೇ, ತಮ್ಮ ವೈಯಕ್ತಿಕ ಮಾಹಿತಿಯ ಸಂಗ್ರಹಣೆ ಹಾಗೂ ಸಂಸ್ಕರಣೆಗೆ ತಾವು ಸ್ವಇಚ್ಛೆಯಿಂದ ಸಮ್ಮತಿಸುವಿರಾದಲ್ಲಿ ಕೆಳಕಂಡ ಲಿಂಕನ್ನು ಒತ್ತತಕ್ಕದ್ದು.' ಸಂಜೆಯ ಲೆಕ್ಕ: ಒತ್ತಿದವರು ಶೂನ್ಯ, ಫೋನ್ ಮಾಡಿ ಬೈದವರು ಹನ್ನೊಂದು. ಲಿಂಕ್ ಒತ್ತಿದರೆ ಬ್ಯಾಂಕಿನಲ್ಲಿ ಏನೂ ಉಳಿಯುವುದಿಲ್ಲ ಎಂಬ ಜ್ಞಾನ ಹಳ್ಳಿಹಳ್ಳಿಗೂ ತಲುಪಿತ್ತು. ನಮ್ಮ ಹಳೆಯ ಬಳಕೆದಾರರಾದ ಮುನಿಶಾಮಣ್ಣ ನನ್ನ ದನಿ ಗುರುತಿಸದೆ ಕೇಳಿದರು: "ಯಾವೂರೋ ನಿಂದು? ಓಟಿಪಿ ಕೇಳೋಕೆ ಕನ್ನಡ ಎಂಎ ಬೇರೆ ಮಾಡ್ಕೊಂಡ್ ಬಂದಿದ್ದೀಯಾ?"

ಬುಧವಾರ ಒಂದು ಉದ್ದನೆಯ ಪುಸ್ತಕ ತಂದೆ. ಯಾವ ಮಾಹಿತಿಗೆ ಒಪ್ಪಿಗೆ ಕೇಳುತ್ತಿದ್ದೇವೆಂದು ಜನರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ನಾನು ಸ್ಪಷ್ಟವಾಗಿಯೇ ತಿಳಿಸಿದೆ. ಹೆಸರು, ಊರು, ಎಷ್ಟು ಮೊಟ್ಟೆ, ಎಷ್ಟು ಸೊಪ್ಪು, ಕೊನೆಗೆ ಸಹಿ. ಒಬ್ಬೊಬ್ಬರಿಗೆ ಒಂದೊಂದು ಸಾಲು, ಗೆರೆ ಎಳೆದು, ದುಂಡಗಿನ ಅಕ್ಷರದಲ್ಲಿ. ರೇಷ್ಮೆ ಗೂಡಿನ ಮಾರುಕಟ್ಟೆಯ ಎದುರು ವೆಂಕಟಮ್ಮನ ಟೀ ಅಂಗಡಿಯಲ್ಲಿ ಅದನ್ನಿಟ್ಟು, ಪೆನ್ನಿಗೆ ದಾರ ಕಟ್ಟಿದೆ. ಪೆನ್ನು ಕಳುವಾಗಬಾರದೆಂಬ ಮುನ್ನೆಚ್ಚರಿಕೆ ನನಗಿತ್ತು.

ಗುರುವಾರ ಸಹಿ ನಲವತ್ತೊಂದು. ಶುಕ್ರವಾರ ಅರವತ್ತೇಳು. ಕಾನೂನನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಜನರನ್ನು ನಾನು ಕಂಡಿರಲಿಲ್ಲ. ತಮ್ಮ ಸಾಲು ಹುಡುಕಲು ಒಬ್ಬೊಬ್ಬರಿಗೂ ಅರ್ಧ ಗಂಟೆ ಬೇಕಾಗುತ್ತಿತ್ತು.

"ಪುಸ್ತಕ ಬಂದ್ಮೇಲೆ ಟೀ ಎರಡರಷ್ಟು ಹೋಗ್ತೈತೆ ಕಣಪ್ಪ. ಇನ್ನೂ ನಾಕು ದಿನ ಇಲ್ಲೇ ಇರ್ಲಿ" ಎಂದರು ವೆಂಕಟಮ್ಮ.

ಶನಿವಾರ ಬೆಳಿಗ್ಗೆ ಮುನಿಶಾಮಣ್ಣ ಬಾಗಿಲಲ್ಲಿ ನಿಂತಿದ್ದರು. ತಮ್ಮನಾದ ನಾರಾಯಣಪ್ಪನಿಗೆ ಅವರು ಹೇಳಿದ್ದು ನೂರು ಮೊಟ್ಟೆ, ಪುಸ್ತಕದಲ್ಲಿದ್ದದ್ದು ಮುನ್ನೂರು. ನಾರಾಯಣಪ್ಪ ಅಣ್ಣನಿಗೆ, ಕೊಡಲು ಒಂದು ಹೊರೆ ಸೊಪ್ಪೂ ಇಲ್ಲ ಎಂದಿದ್ದ. ಪುಸ್ತಕದ ಪ್ರಕಾರ ಅರ್ಧ ಎಕರೆ ಮಿಕ್ಕಿತ್ತು. ಅಣ್ಣತಮ್ಮಂದಿರು ಪರಸ್ಪರ ಮಾತು ಬಿಟ್ಟು, ಇಬ್ಬರೂ ನನ್ನ ಜೊತೆ ಮಾತಾಡಲು ಬಂದರು.

"ಏಮಪ್ಪಾ, ನಮ್ಮನೆ ಹುಳಾನ ಬೀಗರ್ಗೂ ತೋರ್ಸಿಲ್ಲ ನಾನು. ನೀನು ಟೀ ಅಂಗಡೀಲಿ ತೋರ್ಸ್ಬಿಟ್ಯಲ್ಲ" ಎಂದರು ಮುನಿಶಾಮಣ್ಣ.

"ನೀವೇ ಸಹಿ ಹಾಕಿದ್ದೀರಲ್ಲ ಅಣ್ಣಾ."

"ಬೇರೇರ್ದು ಓದೋಕೆ ಹಾಕ್ದೆ. ನಂದು ಓದ್ಲಿ ಅಂತ ಹಾಕಿದ್ನಾ?"

ಓಡಿಹೋಗಿ ಪುಸ್ತಕ ಎತ್ತಿಕೊಂಡು ಬಂದೆ. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಕಾನೂನನ್ನು ಮತ್ತೊಮ್ಮೆ ಓದಿದೆ. ಮಾಹಿತಿ ಸೋರಿಹೋದರೆ ಅದನ್ನು ಪ್ರತಿಯೊಬ್ಬರಿಗೂ ತಿಳಿಸಬೇಕಂತೆ. ಭಾನುವಾರ ಇನ್ನೂರ ಹದಿನಾಲ್ಕು ಜನರಿಗೂ ತಿಳಿಸಿದೆ: 'ತಮ್ಮ ಮಾಹಿತಿಯು ವೆಂಕಟಮ್ಮನವರ ಟೀ ಅಂಗಡಿಯಲ್ಲಿ ಬಹಿರಂಗಗೊಂಡಿರುತ್ತದೆ ಎಂದು ವಿಷಾದಿಸಲಾಗಿದೆ.' ಅದುವರೆಗೆ ವಿಷಯವೇ ಗೊತ್ತಿಲ್ಲದವರು ಕೈವಾರದ ಕಡೆಯಿಂದಲೂ ಬಸ್ಸು ಹತ್ತಿ ಓದಲು ಬಂದರು. ಪುಸ್ತಕ ಇರಲಿಲ್ಲ ನಿಜ. ಆದರೆ ವೆಂಕಟಮ್ಮನಿಗೆ ಬಾಯಿಪಾಠವಾಗಿತ್ತು.

ಸೋಮವಾರ ಅಕ್ಕ ಬಂದಾಗ ಮನೆಯ ಮುಂದೆ ಸಾಲು ನಿಂತಿತ್ತು. ಎಲ್ಲರ ಕೋರಿಕೆಯೂ ಒಂದೇ: "ನಮ್ಮ ಹೆಸರು ಅಳಿಸಮ್ಮ." ಅದಕ್ಕೂ ಕಾನೂನಿನಲ್ಲಿ ಹಕ್ಕಿದೆ. ಅಳಿಸಿದ್ದಕ್ಕೆ ದಾಖಲೆ ಇರಲೆಂದು ನಾನು ಇನ್ನೊಂದು ಪುಸ್ತಕ ತೆರೆದೆ. ಅಕ್ಕ ಅದನ್ನು ಕಿತ್ತುಕೊಂಡು ನೀರೊಲೆಗೆ ಹಾಕಿದಳು. ಸೋಮವಾರ ಉಳಿದವರು ನೂರ ಅರವತ್ತು. ಮಂಗಳವಾರ ಐವತ್ತೆಂಟು. ಗುರುವಾರ ಒಬ್ಬರು. ಆ ಕೊನೆಯ ಹೆಸರನ್ನು ಅಳಿಸುವ ಮೊದಲು ಅಕ್ಕ ಬೆರಳನ್ನು ಎತ್ತಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಎಷ್ಟು ನಿಮಿಷ ಎಂದು ನಾನು ಬರೆದುಕೊಳ್ಳಲಿಲ್ಲ.

ಹದಿನೈದನೇ ದಿನ ಚಿಕ್ಕಬಳ್ಳಾಪುರದ ಕಚೇರಿಗೆ ಹೋದೆವು.

"ಎಷ್ಟು ಜನರ ಮಾಹಿತಿ ಇಟ್ಕೊಂಡಿದ್ದೀರಮ್ಮ?" ಅಧಿಕಾರಿ ಕೇಳಿದರು.

"ಯಾರದೂ ಇಲ್ಲ ಸಾರ್."

"ಒಪ್ಪಿಗೆ ಇಲ್ಲದೆ ಇಟ್ಕೊಂಡಿರೋದು?"

"ಅದೂ ಇಲ್ಲ ಸಾರ್."

"ಪರ್ವಾಗಿಲ್ವೇ. ಇಷ್ಟು ಕ್ಲೀನಾಗಿರೋ ಕಂಪನಿ ನಾನು ನೋಡೇ ಇಲ್ಲ." ಅವರು 'ಯಾವ ಲೋಪವೂ ಇಲ್ಲ' ಎಂದು ಬರೆದು ಮುದ್ರೆ ಒತ್ತಿದರು. "ಬೇರೆಯೋರೆಲ್ಲ ಆ್ಯಪಲ್ಲಿ ಒಂದು ಬಟನ್ ಇಟ್ಟು ಮುಗಿಸ್ಬಿಟ್ರು. ನೀವೇನ್ ಮಾಡಿದ್ರಿ?"

ಅಕ್ಕ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

ಈಗ ಅಕ್ಕ ದಿನವೂ ಎಂಟು ಗಂಟೆಯ ಬಸ್ಸಿಗೆ ಚಿಂತಾಮಣಿಯ ಅದೇ ಶಾಲೆಗೆ ಹೋಗುತ್ತಾಳೆ. ವೆಂಕಟಮ್ಮ ಅಂಗಡಿಯಲ್ಲಿ ತಾವೇ ಒಂದು ಹೊಸ ಪುಸ್ತಕ ಇಟ್ಟಿದ್ದಾರೆ. ಸೊಪ್ಪು ಮಿಕ್ಕವರು ಅದರಲ್ಲಿ ಹೆಸರು, ಫೋನ್ ನಂಬರ್ ಬರೆದು ಹೋಗುತ್ತಾರೆ. ಮೊಟ್ಟೆಯ ಸುದ್ದಿಯನ್ನು ಯಾರೂ ಕೇಳುವುದಿಲ್ಲ. ನಿನ್ನೆ ಟೀ ಕುಡಿಯುತ್ತಾ ಎಣಿಸಿದೆ: ಇನ್ನೂರ ಮೂವತ್ತು. ಪೆನ್ನಿಗೆ ಕಟ್ಟಿರುವುದು ನನ್ನ ದಾರವೇ.

ಇದನ್ನೆಲ್ಲ ಬರೆದು ಅಕ್ಕನಿಗೆ ಓದಿ ಹೇಳಿದೆ.

"ಇದ್ರಲ್ಲಿ ನನ್ನ ಹೆಸರು ಹಾಕಿದ್ದೀಯೇನೋ?"

"ಹ್ಞೂಂ."

"ತೆಗಿ."

ತೆಗೆದೆ. ಹಾಗೇ ನನ್ನ ಹೆಸರನ್ನೂ ಅಳಿಸಿದೆ. ಪ್ರಯೋಜನವೇನೂ ಇಲ್ಲ. ಅದು ವೆಂಕಟಮ್ಮನಿಗೆ ಬಾಯಿಪಾಠ.