ಇಂಡಿಯಾ ಸೋತಿದ್ದು ಅಡಿಕೆಯಿಂದಲ್ಲ

ಇಂಡಿಯಾ ಸೋತಿದ್ದು ನಮ್ಮವರಿಗೆ ಗೋಲು ತಡೆಯಲು ಬಾರದೆ. ನನ್ನ ತಮ್ಮ ಒಂದು ಹೋಳು ಅಡಿಕೆ ಜಗಿದಿದ್ದರಿಂದಲ್ಲ! ಬೇಕಾದರೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿ ಹೇಳುತ್ತೇನೆ. ಆದರೆ ಕೇಳಬೇಕಾದವನೇ ಕೇಳುವುದಿಲ್ಲ.

ಅವನಿಗೆ ಎಪ್ಪತ್ತು ದಾಟಿದೆ, ಬುದ್ಧಿಗೆ ಇನ್ನೂ ಹಾಲುಹಲ್ಲು. ನಮ್ಮ ಮನೆಯಲ್ಲೇ ಇದ್ದಾನೆ. ಚೆಂಡು ಒದೆಯುತ್ತಿದ್ದ ವಯಸ್ಸಿನಲ್ಲಿ ಒಂದು ದಿನ ದೇವರ ಮುಂದೆ ನಿಂತು, ಇಂಡಿಯಾ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಆಡುವವರೆಗೆ ಎಲೆ ಅಡಿಕೆ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತ. ಗೆಲ್ಲುವವರೆಗೆ ಅಲ್ಲ ಮಾರಾಯರೇ, ಬರೀ ಆಡುವವರೆಗೆ! ಸುಲಭದ್ದು ಆರಿಸಿಕೊಂಡೆ ಎಂದು ಬೀಗಿದ್ದ. ಆಮೇಲೆ ಎಷ್ಟು ವಿಶ್ವಕಪ್ಪು ಬಂದವೋ, ಹೋದವೋ! ನಾನೋ, ಬೆಳಗ್ಗೆ ಎಲೆ ಅಡಿಕೆಯ ಒಂದು ಕವಳ ಬಾಯಿಗೆ ಬೀಳದೆ ಕಣ್ಣೇ ಪೂರ್ತಿ ಬಿಡುವವಳಲ್ಲ. ಇವನು ಅಡಿಕೆ ಬೆಳೆಯುವ ಊರಿನಲ್ಲಿದ್ದುಕೊಂಡು ಕವಳದ ಹರಿವಾಣ ಕಂಡರೆ, ಪೊಲೀಸರನ್ನು ಕಂಡ ಕಳ್ಳನ ಹಾಗೆ ಹಿಂದೆ ಸರಿಯುತ್ತಾನೆ!

ನಮ್ಮ ಜಿಲ್ಲೆಯಷ್ಟೂ ಜನ ಇಲ್ಲದ ಐಸ್‌ಲ್ಯಾಂಡ್ ವಿಶ್ವಕಪ್ಪಿನಲ್ಲಿ ಆಡಿದಾಗ ಕೆಂಡವಾಗಿದ್ದ.

"ಅಕ್ಕ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೇರಿಸಿ ನಾವೇ ಒಂದು ಟೀಮ್ ಕಳ್ಸಣ!"

"ಗೋಲು ಕಾಯಕ್ಕೆ ಯಾರಾ?"

"ನೀನೇ ನಿಂತ್ಕ. ಅಡುಗೆಮನೆಗೆ ಇವತ್ತಿನ ತನಕ ಒಂದು ಬೆಕ್ಕು ನುಗ್ಗಕ್ಕೆ ಬಿಟ್ಟಿಲ್ಲ ನೀನು."

ಇಂಥವನನ್ನು ನನ್ನ ಮೊಮ್ಮಗಳ ನಿಶ್ಚಿತಾರ್ಥದಲ್ಲಿ ಹಿರಿಯನೆಂದು ಕೂರಿಸಿದೆವು. ಮನೆಯಲ್ಲಿ ಬೇರೆ ಹಿರಿಯ ಗಂಡಸಿಲ್ಲವಲ್ಲ, ಏನು ಮಾಡುವುದು? ತಾಂಬೂಲ ಕೈ ಬದಲಾದರೇ ಮಾತು ಪಕ್ಕಾ. ಮುತ್ತಿನಕೊಪ್ಪದಿಂದ ಬಂದ ಹುಡುಗನ ಅಜ್ಜ ಹರಿವಾಣ ಚಾಚಿದರು. ಇವನು ಎರಡೂ ಕೈ ಮುಗಿದ.

"ತಪ್ಪು ತಿಳ್ಕಬೇಡಿ. ಇಂಡಿಯಾ ಇನ್ನೂ ಆಡಿಲ್ಲ."

ಅಜ್ಜ ಎದ್ದೇ ಬಿಟ್ಟರು. "ಹುಡುಗಿ ಕೊಡಕ್ಕೆ ಮನಸ್ಸಿಲ್ಲ ಅಂದ್ರೆ ಸೀದಾ ಹೇಳಿ. ಇಂಡಿಯಾದ ಮೇಲೆ ಯಾಕೆ ಹಾಕ್ತೀರಿ?"

ನನಗೆ ಮೈಯೆಲ್ಲ ಉರಿಯಿತು. "ಏ ಮಾರಾಯ, ತಗಂಡು ಜೇಬಿಗಾದ್ರೂ ಹಾಕ್ಯ!"

"ಅದು ಮೋಸ, ಅಕ್ಕ."

ಹಸೆಯ ಮೇಲೆ ಕೂತಿದ್ದ ಮೊಮ್ಮಗಳು ಅವನ ಮುಖ ನೋಡಿದಳು, ಅಷ್ಟೆ. ಅವನು ಮೆಲ್ಲಗೆ ಕೈ ಚಾಚಿದ. ತಾಂಬೂಲ ತೆಗೆದುಕೊಂಡು, ಹರಕೆ ಮುರಿದ ಮೇಲೆ ಪೂರ್ತಿ ಮುರಿಯಲಿ ಎಂಬಂತೆ ಅಲ್ಲೇ ಬಾಯಿಗೂ ಹಾಕಿದ. ಅಭ್ಯಾಸ ತಪ್ಪಿದ ಬಾಯಿ, ಬಿಕ್ಕಳಿಕೆ ಬಂತು. ಎಲ್ಲರೂ ನಕ್ಕರು, ಮದುವೆ ಮಾತು ಪಕ್ಕಾ ಆಯಿತು.

ಹಾಳಾದ ಆಟವೂ ಅವತ್ತು ಸಂಜೆಯೇ ಇರಬೇಕೇ? ಏಷ್ಯಾ ಕಪ್ಪಿಗೆ ಹೋಗಲು ಸಿಂಗಪುರವನ್ನು ಸೋಲಿಸಬೇಕಿತ್ತಂತೆ. ಮೊದಲು ಗೋಲು ಹೊಡೆದದ್ದು ನಮ್ಮವರೇ. ಆಮೇಲೆ ಎರಡು ತಿಂದರು. ಇವನು ಟೀವಿ ಆರಿಸಿದ.

"ಅಕ್ಕ, ನಾನೇ ಸೋಲ್ಸಿದ್ದು."

"ಹನ್ನೊಂದು ಜನ ಓಡಾಡಿ ಸೋತಿದ್ದಕ್ಕೆ ನಿನ್ನ ಬಾಯಿ ಕಾರಣವಾ? ತಲೆ ಸರಿ ಇದ್ಯಾ ನಿಂಗೆ?"

ಎಷ್ಟು ಬೈದರೂ ಊಟಕ್ಕೆ ಏಳಲಿಲ್ಲ. ಮೊಮ್ಮಗಳು ಬಂದು ಕರೆದಾಗ ಮಾತ್ರ ನಕ್ಕ. "ಮಧ್ಯಾಹ್ನ ಹೋಳಿಗೆ ಜಾಸ್ತಿ ಆಯ್ತು ಪುಟ್ಟಿ. ನೀ ಹೋಗಿ ಉಣ್ಣು."

ಸುಳ್ಳ! ಬಡಿಸಿದವಳು ನಾನು. ಹೋಳಿಗೆ ಎಲೆಯಲ್ಲೇ ಇತ್ತು.

ಬೆಳಗ್ಗೆ ಎದ್ದವಳೇ ನನ್ನ ಕವಳದ ಪೆಟ್ಟಿಗೆ ತಂದು ಅವನ ಮುಂದೆ ಕುಕ್ಕಿದೆ.

"ತಗ. ಇವತ್ತಿಂದ ಹರಕೆ ನಂದು. ಇಂಡಿಯಾ ಆಡೋ ತನಕ ನಾ ಮುಟ್ಟಲ್ಲ. ಎದ್ದು ಮುಖ ತೊಳ್ಕ, ಕಾಫಿ ಆರ್ತಾ ಇದೆ."