ರುವೈಸ್ ತುಂಬಾ ದೂರ, ಅಣ್ಣ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹನ್ನೊಂದು ವರ್ಷ ಒಂದೇ ದೇಶದಲ್ಲಿದ್ದೂ ನಾನು ನನ್ನ ಅಣ್ಣನ ಮನೆಗೆ ಒಮ್ಮೆಯೂ ಹೋಗಲಿಲ್ಲ. ಅವನು ರುವೈಸ್‌ನಲ್ಲಿ, ನಾನು ದುಬೈಯಲ್ಲಿ. ನಡುವೆ ಮೂರು ಗಂಟೆಯ ರಸ್ತೆ. "ರುವೈಸ್ ತುಂಬಾ ದೂರ, ಅಣ್ಣ" ಎಂದು ಪ್ರತಿ ತಿಂಗಳೂ ಹೇಳುತ್ತಿದ್ದೆ. ಹೇಳುತ್ತಿದ್ದದ್ದು ಯಾರಿಗೆ? ಅದೇ ರುವೈಸ್‌ನಿಂದ ಎರಡು ಬಸ್ಸು ಹಿಡಿದು ಬಂದು, ನನ್ನ ಮನೆಯ ಸೋಫಾದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ ಅಣ್ಣನಿಗೆ! ಅಲ್ಲಿಂದ ಇಲ್ಲಿಗೆ ಎಷ್ಟು ದೂರವೋ ಇಲ್ಲಿಂದ ಅಲ್ಲಿಗೂ ಅಷ್ಟೇ ದೂರ ಎನ್ನುವುದು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಹೊಳೆಯಲಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅಣ್ಣ ಶಾಲೆ ಬಿಟ್ಟದ್ದು ಐದಕ್ಕೆ. ಅವನಿಗೆ ಹೊಳೆದಿತ್ತಲ್ಲ!

ನನ್ನ ಅಣ್ಣನಂಥವನು ಈ ಮರಳುಗಾಡಿನಲ್ಲಿ ಇನ್ನೊಬ್ಬನಿರಲಾರ. ಅವನು ಎಸಿ ಮೆಕ್ಯಾನಿಕ್. ಆದರೆ ಎಸಿ ಕಂಡರೆ ಹೆದರುತ್ತಾನೆ! ಯಾರ ಮನೆಗೆ ಹೋದರೂ ಮೊದಲು ಎಸಿ ಆರಿಸುತ್ತಾನೆ, ಆಮೇಲೆ ಚೆನ್ನಾಗಿದ್ದೀರಾ ಎಂದು ಕೇಳುತ್ತಾನೆ. "ಅದರ ಹೊಟ್ಟೆಯೊಳಗೆ ಎಂತೆಲ್ಲ ಇರ್ತದೆ ಅಂತ ನಿಮಗೆ ಗೊತ್ತಿಲ್ಲ, ನನಗೆ ಗೊತ್ತುಂಟು" ಎನ್ನುತ್ತಾನೆ. ಆಗಸ್ಟ್ ತಿಂಗಳಲ್ಲೂ ಉಣ್ಣೆಯ ಟೊಪ್ಪಿ ಹಾಕಿಕೊಂಡು ಬಸ್ಸು ಹತ್ತುವ ಮನುಷ್ಯನನ್ನು ನೀವು ಕಂಡಿದ್ದರೆ, ಅವನು ನನ್ನ ಅಣ್ಣನೇ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, "ಅವಳು ಎಸಿ ಬೇಕು ಅಂದ್ರೆ?" ಎನ್ನುತ್ತಾನೆ.

ನಾನು ಹೇಳಿದ ಪ್ರತಿ ನೆವಕ್ಕೂ ಅವನಲ್ಲಿ ಉತ್ತರವಿತ್ತು. "ಮಕ್ಕಳು ಅಷ್ಟು ಹೊತ್ತು ಕೂರುದಿಲ್ಲ" ಎಂದೆ. ಮುಂದಿನ ತಿಂಗಳು, ಎಲ್ಲೆಲ್ಲಿ ನಿಲ್ಲಿಸಬಹುದು, ಯಾವ ಪೆಟ್ರೋಲ್ ಪಂಪಿನ ಕಕ್ಕಸು ಶುಚಿಯಾಗಿದೆ ಎಂದು ಬರೆದ ಹಾಳೆ ತಂದ. "ಇವಳಿಗೆ ಕಾರಿನಲ್ಲಿ ವಾಂತಿ" ಎಂದು ಹೆಂಡತಿಯತ್ತ ಕೈ ತೋರಿಸಿದೆ. ಮುಂದಿನ ತಿಂಗಳು ಒಂದು ಚೀಲ ಶುಂಠಿ ಮಿಠಾಯಿ ಬಂತು. "ನೋಡ್ಲಿಕ್ಕೆ ಎಂತ ಉಂಟು ಅಲ್ಲಿ, ಬರೀ ಮರಳು" ಎಂದೆ. ಇನ್ನು ಸೋಲುತ್ತಾನೆ ಎಂದುಕೊಂಡಿದ್ದೆ. ಬಸ್ಸಿನ ಕಿಟಕಿಯಿಂದ ನೋಡಿ ನೋಡಿ, ಆ ರಸ್ತೆಯಲ್ಲಿ ನೋಡಲೇಬೇಕಾದ ಒಂಬತ್ತು ಜಾಗಗಳನ್ನು ಹುಡುಕಿ ತಂದ!

ನಗುವುದಕ್ಕೆ ಮೊದಲು ಇನ್ನೊಂದನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಅಣ್ಣನಿಗೆ ಕಿಡ್ನಿಯ ಕಲ್ಲಿನ ಆಪರೇಷನ್ ಆಯಿತು. ಹಿಂದಿನ ದಿನ ಫೋನ್ ಮಾಡಿ, "ಬರ್ತಿಯಾ?" ಎಂದು ಕೇಳಿದ. ಅವನು ನನ್ನಲ್ಲಿ ತನಗಾಗಿ ಏನಾದರೂ ಕೇಳಿದ್ದು ಅದೊಂದೇ ಸಲ. "ಕಾರು ಗ್ಯಾರೇಜಿನಲ್ಲಿ ಉಂಟು ಅಣ್ಣ" ಎಂದೆ. ಕಾರು ಕೆಳಗೆ ಪಾರ್ಕಿಂಗಿನಲ್ಲಿ ಆರಾಮವಾಗಿ ನಿಂತಿತ್ತು. ವಾರವಿಡೀ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಸಾಮಾನು ಎಣಿಸಿ ದಣಿದಿದ್ದೆ, ಭಾನುವಾರದ ನಿದ್ದೆ ಬೇಕಿತ್ತು. ಇಷ್ಟೇ ಕಾರಣ. ಹನ್ನೊಂದರ ತನಕ ಮಲಗಿದೆ. ಸಂಜೆ ಮಕ್ಕಳನ್ನು ಕಡಲ ಬದಿಗೆ ಕರೆದುಕೊಂಡು ಹೋಗಿ ಜೋಳ ತಿನ್ನಿಸಿದೆ. ಅಷ್ಟಕ್ಕೆ ಸುಮ್ಮನಿರಬೇಕೋ ಬೇಡವೋ? ಫೋಟೋ ತೆಗೆದು ಫೋನಿನ ಸ್ಟೇಟಸ್ಸಿಗೂ ಹಾಕಿದೆ! ಮಕ್ಕಳ ಹಿಂದೆಯೇ ನನ್ನ ಕಾರು, ನಂಬರ್ ಪ್ಲೇಟ್ ಸಮೇತ. ನೋಡಿದವರ ಪಟ್ಟಿಯಲ್ಲಿ ಮೊದಲ ಹೆಸರು ಅಣ್ಣನದು. ಆಸ್ಪತ್ರೆಯ ಹಾಸಿಗೆಯಿಂದಲೇ ಒಂದು ಸಾಲನ್ನೂ ಕಳಿಸಿದ್ದ: "ಸಣ್ಣವಳಿಗೆ ಸ್ವೆಟರ್ ಹಾಕು, ಗಾಳಿ ಉಂಟು."

ಕಾರಿನ ಸುದ್ದಿಯನ್ನು ಆಮೇಲೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನು ಎಂದಿನಂತೆ ತಿಂಗಳಿಗೊಮ್ಮೆ ಬಂದ, ಎಸಿ ಆರಿಸಿದ, ಚಹಾ ಕುಡಿದ, ಹೋದ.

ಈ ಜನವರಿಯಲ್ಲಿ ಅವನ ನೌಕರಿಗೆ ಖಲಾಸ್ ಬಿತ್ತು. ಮುಂದಿನ ತಿಂಗಳು ವೀಸಾ ಕ್ಯಾನ್ಸಲ್ ಆಗಿ ಅವನು ಊರಿಗೆ ಹೋಗುವವನು. ಸುಳ್ಳು ಹೇಳಿದ್ದು ಫೋನಿನಲ್ಲಿ, ಸರಿ. ಒಪ್ಪಿಕೊಳ್ಳುವುದನ್ನೂ ಫೋನಿನಲ್ಲಿ ಮಾಡುವುದೇ? ಅವನು ಇಲ್ಲಿಂದ ಹೋಗುವ ಮೊದಲು, ಅವನ ಮನೆಯಲ್ಲೇ ನಿಂತು ಹೇಳಬೇಕು ಎಂದು ನಿಶ್ಚಯಿಸಿ ಶನಿವಾರಕ್ಕೆ ರಜೆ ಹಾಕಿದೆ.

"ನೀನು ಅಲ್ಲೇ ಇರು ಅಣ್ಣ, ನಾವು ಬರ್ತೇವೆ."

"ಮತ್ತೆ ಜಾಗಗಳನ್ನು ತೋರಿಸುದು ಯಾರು? ನಿನ್ನ ಫೋನಾ?"

ಶುಕ್ರವಾರ ಸಂಜೆ ಅಣ್ಣ ಎರಡು ಬಸ್ಸು ಹಿಡಿದು ನಮ್ಮಲ್ಲಿಗೆ ಬಂದ. ಯಾಕೆ? ಶನಿವಾರ ಬೆಳಿಗ್ಗೆ ನಮ್ಮ ಜೊತೆ ಕಾರಿನಲ್ಲಿ ಅವನ ಮನೆಗೇ ಹೋಗಲು!

ಮುಂದಿನ ಸೀಟಿನಲ್ಲಿ ಅಣ್ಣ, ಹಿಂದೆ ನನ್ನ ಹೆಂಡತಿ ಮತ್ತು ಮಕ್ಕಳು. ಬೆಲ್ಟ್ ಹಾಕುವ ಮೊದಲೇ ಎಸಿ ಆರಿತು, ಕಿಟಕಿ ಇಳಿಯಿತು. ಹನ್ನೆರಡರ ಮಗ "ದೊಡ್ಡಪ್ಪಾ, ಪ್ಲೀಸ್!" ಎಂದ. "ಜನವರಿ ಮಗಾ, ದೇವರೇ ಎಸಿ ಹಾಕಿದ್ದಾನೆ" ಎಂದ ಅಣ್ಣ.

ಮೊದಲ ಜಾಗ ಅಬುಧಾಬಿಯ ಹಮ್ದಾನ್ ಸ್ಟ್ರೀಟ್. ಪಾರ್ಕಿಂಗ್ ಸಿಗಲು ಅರ್ಧ ಗಂಟೆ. ಅಬುಧಾಬಿಗೆ ಬಂದವರು ದೊಡ್ಡ ಮಸೀದಿ ನೋಡುತ್ತಾರೆ, ಕಡಲ ತೀರ ನೋಡುತ್ತಾರೆ. ಅಣ್ಣ ನಮ್ಮನ್ನು ಫುಟ್‌ಪಾತಿನಲ್ಲಿ ಸಾಲಾಗಿ ನಿಲ್ಲಿಸಿ ಒಂದು ಹಳೆಯ ಕಟ್ಟಡದತ್ತ ಕೈ ತೋರಿಸಿದ.

"ಐದನೇ ಮಾಳಿಗೆ. ಎಡದಿಂದ ಮೂರನೇ ಕಿಟಕಿ."

"ಅಲ್ಲಿ ಯಾರಿದ್ದಾರೆ ಭಾವ?" ಎಂದು ಕೇಳಿದಳು ನನ್ನ ಹೆಂಡತಿ.

"ಯಾರಿಗೆ ಗೊತ್ತು? ಆ ಎಸಿ ಉಂಟಲ್ಲ, ಈ ದೇಶಕ್ಕೆ ಬಂದ ಮೇಲೆ ನಾನು ಕೂರಿಸಿದ ಮೊದಲನೇ ಎಸಿ ಅದು. ಇವತ್ತಿಗೂ ಒಂದು ಹನಿ ನೀರು ಸೋರುದಿಲ್ಲ!"

ಹಾಗೆನ್ನುವಾಗಲೇ ಎಂಟು ವರ್ಷದ ಮಗಳ ಮೂಗಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ಎಲ್ಲರೂ ಮೇಲೆ ನೋಡಿದೆವು. ಅಣ್ಣ ಗಂಭೀರವಾಗಿ ಹೇಳಿದ:

"ಅದು ನಾಲ್ಕನೇ ಮಾಳಿಗೆಯದ್ದು. ಅದನ್ನು ಬೇರೆ ಯಾರೋ ಕೂರಿಸಿದ್ದು."

ಊರು ದಾಟಿದ ಮೇಲೆ ರಸ್ತೆ ನೇರವಾಯಿತು. ಎರಡೂ ಬದಿ ಬೇಲಿ, ಬೇಲಿಯಾಚೆ ಮರಳು, ನಮ್ಮ ಜೊತೆಗೆ ಸೌದಿ ಗಡಿಯ ಕಡೆ ಹೋಗುವ ಲಾರಿಗಳು. ಅರ್ಧ ಗಂಟೆ ಕಳೆದಿರಬೇಕು. "ಇಲ್ಲಿ! ಇಲ್ಲಿ ಬಲಕ್ಕೆ ತೆಗಿ!" ಎಂದು ಅಣ್ಣ ಕೂಗಿದ ರಭಸಕ್ಕೆ ನಾನು ಯಾರಿಗೋ ಗುದ್ದಿದೆನೆಂದೇ ಭಾವಿಸಿದೆ. ಒಂದು ಅಡ್ಡರಸ್ತೆಯ ತುದಿಯಲ್ಲಿ ಇಳಿದೆವು. ಕಣ್ಣು ಹಾಯುವಷ್ಟು ದೂರ ಉಪ್ಪು ಹೆಪ್ಪುಗಟ್ಟಿದ ಬಿಳಿಯ ನೆಲ. ಮರವಿಲ್ಲ, ಮನೆಯಿಲ್ಲ, ಒಂದು ಕಾಗೆಯೂ ಇಲ್ಲ.

ಮಗ ಸುತ್ತ ನೋಡಿದ. "ದೊಡ್ಡಪ್ಪಾ, ದೇರ್ ಈಸ್ ನಥಿಂಗ್ ಹಿಯರ್."

"ಅದೇ ಮಗಾ!" ಅಣ್ಣ ಅವನ ಬೆನ್ನು ತಟ್ಟಿದ. "ಇಷ್ಟು ದೊಡ್ಡ ನಥಿಂಗ್ ದುಬೈಯಲ್ಲಿ ಎಲ್ಲಿಯಾದರೂ ಉಂಟಾ?"

ನಾವು ಐದು ನಿಮಿಷ ನಿಂತು ಆ ನಥಿಂಗನ್ನು ನೋಡಿದೆವು. ಕಾರಿಗೆ ಹತ್ತಬೇಕಾದರೆ ಮಗಳು ಹಟ ಹಿಡಿದಳು: ಅವಳಿಗೆ ಇನ್ನೂ ಸ್ವಲ್ಪ ನೋಡಬೇಕಂತೆ.

ಮೂರನೆಯದು ಒಂದು ಪೆಟ್ರೋಲ್ ಪಂಪಿನ ಹಿಂದಿನ ಚಹಾದಂಗಡಿ. ನಡೆಸುವವರು ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರೊಬ್ಬರು, ನಮ್ಮವರ ಬಾಯಲ್ಲಿ ಗೌರವದಿಂದ 'ಬ್ಯಾರಿಗಳು'. ಅಣ್ಣನನ್ನು ಕಂಡದ್ದೇ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದರು. ನಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಇವರೇನಾ ತಮ್ಮ? ಅಲ್ಲ ಮಾರ್ರೆ, ಬರ್ತಾನೆ ಬರ್ತಾನೆ ಅಂತ ಇವರು ಹೇಳ್ಲಿಕ್ಕೆ ಶುರು ಮಾಡಿದ ಮೇಲೆ ನಾನು ಊರಿಗೆ ಹೋಗಿ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಬಂದೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಚಹಾ ಬಂತು, ಬಿಸಿ ಪರೋಟ ಬಂತು. ಬ್ಯಾರಿಗಳು ನನ್ನ ಪಕ್ಕದಲ್ಲೇ ಕುಳಿತರು.

"ಕಾರು ಸರಿ ಉಂಟಲ್ವಾ ಈಗ?"

"ಯಾವ ಕಾರು?"

"ಎಂತ ಮಾರ್ರೆ, ಮರೆತೇಹೋಯ್ತಾ? ಇವರ ಆಪರೇಷನ್ ದಿನ ರಾತ್ರಿ ನಾನು ನೋಡ್ಲಿಕ್ಕೆ ಹೋಗಿದ್ದೆ. ಮಲಗಿದಲ್ಲಿಂದಲೇ ಇವರಿಗೆ ನಿಮ್ಮದೇ ಚಿಂತೆ. ತಮ್ಮ ಹೊರಟಿದ್ದ, ಅರ್ಧ ದಾರಿಯಲ್ಲಿ ಕಾರು ಕೆಟ್ಟಿತು, ಪಾಪ, ಹೈವೇ ಬದಿಯಲ್ಲಿ ನಿಂತಿದ್ದಾನೆ ಅಂತ. ನಾನು ಬರ್ತಾ ಇಡೀ ದಾರಿ ನಿಮ್ಮನ್ನು ಹುಡುಕಿದ್ದೇನೆ!"

ಕೈಯಲ್ಲಿದ್ದ ಪರೋಟವನ್ನು ತಟ್ಟೆಗೆ ಇಟ್ಟೆ. ಸುಳ್ಳು ಹೇಳುವಾಗ ನಾನು ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸಿದ್ದೆ. ಅಣ್ಣ ಅದನ್ನು ಅಲ್ಲಿಂದ ಹೊರಡಿಸಿ, ಅರ್ಧ ದಾರಿಯ ತನಕ ತಂದು ನಿಲ್ಲಿಸಿದ್ದ! ಸ್ಟೇಟಸ್ಸಿನಲ್ಲಿ ನನ್ನ ಕಾರು ನೋಡಿದ ಮೇಲೂ! ಹೆಂಡತಿ ನನ್ನ ಮುಖ ನೋಡದೆ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡಳು. ಅವಳು ಸಕ್ಕರೆ ಬಿಟ್ಟು ನಾಲ್ಕು ವರ್ಷವಾಗಿತ್ತು.

ಮಗಳಿಗೆ ಮಾತ್ರ ಕುತೂಹಲ. "ಅಪ್ಪಾ, ವೆನ್ ಡಿಡ್ ಅವರ್ ಕಾರ್ ಬ್ರೇಕ್?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಎದ್ದುಬಿಟ್ಟ. "ಯಲ್ಲಾ ಯಲ್ಲಾ, ಹೊರಡಿ, ನಾಲ್ಕನೇ ಜಾಗದ ಒಂಟೆ ಊಟಕ್ಕೆ ಹೋಗುವ ಹೊತ್ತಾಯ್ತು, ಮತ್ತೆ ಸಿಗುದಿಲ್ಲ!"

ಒಂಟೆ ಸಿಕ್ಕಿತು. ಬೇಲಿಯ ಆಚೆ ಒಂದೇ ಒಂದು. ಮಗ ಫೋನ್ ತೆಗೆದ. ಅಣ್ಣ ತಡೆದ: "ಕೇಳದೆ ಫೋಟೋ ತೆಗೀಬಾರ್ದು." ಅವನೇ ಒಂಟೆಯ ಹತ್ತಿರ ಹೋಗಿ ಟೊಪ್ಪಿ ತೆಗೆದು, "ತೆಗೀಲಿಕ್ಕಾ?" ಎಂದು ಕೇಳಿದ. ಒಂಟೆ ಅವನನ್ನು ಒಂದು ಗಳಿಗೆ ನೋಡಿ, ನಿಧಾನವಾಗಿ ತಿರುಗಿ ಹಿಂಭಾಗ ತೋರಿಸಿ ನಿಂತಿತು. "ಬೇಡ ಅಂತೆ" ಎಂದ ಅಣ್ಣ. ನಾವು ಫೋಟೋ ತೆಗೆಯದೆ ಬಂದೆವು. ಮಕ್ಕಳು ಹೊಟ್ಟೆ ಹಿಡಿದು ನಗುತ್ತಿದ್ದರು. ಆಮೇಲೆ ಅಣ್ಣ ಏನೇನೋ ತೋರಿಸಿದ. ಎರಡು ಬಣ್ಣದ ಮರಳು ಸೇರುವ ಜಾಗ, ಲಾರಿಯವರು ನಮಾಜು ಮಾಡುವ ಕಟ್ಟೆ, ಇನ್ನೇನೋ. ನನಗೆ ನೆನಪಿಲ್ಲ. ಸ್ಟೇರಿಂಗ್ ಹಿಡಿದು, ಹೇಗೆ ಶುರು ಮಾಡುವುದು ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ.

ರುವೈಸ್ ತಲುಪಿದಾಗ ನಾಲ್ಕು ಗಂಟೆ. ಕಂಪನಿಯ ಕ್ವಾರ್ಟರ್ಸಿನಲ್ಲಿ ಅವನದು ಒಂದು ಕೋಣೆ, ಒಂದು ಅಡಿಗೆಮನೆ. ಹೆಂಡತಿ ಮಕ್ಕಳು ಕೈಕಾಲು ತೊಳೆಯಲು ಹೋದರು. ಅಣ್ಣ ಕಪಾಟಿನ ಮೇಲಿನಿಂದ ನಮಗೆ ಹಾಸಿಗೆ ಇಳಿಸಲು ಸ್ಟೂಲ್ ಹತ್ತಿದ. ಅದರ ಒಂದು ಕಾಲು ಅಲುಗಾಡುತ್ತಿತ್ತು.

"ಹಿಡ್ಕೊಂಡಿದ್ಯಾ?"

"ಹಿಡ್ಕೊಂಡಿದ್ದೇನೆ."

ಕೆಳಗೆ ಕುಳಿತು ಸ್ಟೂಲ್ ಹಿಡಿದವನಿಗೆ ಅಣ್ಣನ ಪಾದಗಳು ಮಾತ್ರ ಕಾಣುತ್ತಿದ್ದವು. ಹಿಮ್ಮಡಿ ಒಡೆದಿತ್ತು. ದಾರಿಯುದ್ದ ಅಭ್ಯಾಸ ಮಾಡಿದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಅಣ್ಣ, ಅವತ್ತು ಕಾರಿಗೆ ಎಂತದೂ ಆಗಿರ್ಲಿಲ್ಲ."

"ಗೊತ್ತುಂಟು. ದಿಂಬು ಹಿಡಿ."

ದಿಂಬು ನನ್ನ ತಲೆಯ ಮೇಲೆ ಬಿತ್ತು.

"ಮತ್ತೆ ಬ್ಯಾರಿಗಳ ಹತ್ರ ಯಾಕೆ ಹಾಗೆ ಹೇಳಿದ್ದು?"

ಮೇಲಿನಿಂದ ಹಾಸಿಗೆಯ ಒಂದು ತುದಿ ಇಳಿದು ಬಂತು.

"ಅವರು ಕೇಳಿದ್ರು, ಮನೆಯವರು ಯಾರೂ ಬರ್ಲಿಲ್ವಾ ಅಂತ. ನಾನು ಎಂತ ಹೇಳ್ಲಿ? ನೀನು ಬಾರದವ ಅಂತ ಅವರು ತಿಳ್ಕೊಳ್ಳುದು ನನಗೆ ಆಗ್ಲಿಲ್ಲ."

ಸ್ಟೂಲಿನ ಕಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ.

"ತಪ್ಪಾಯ್ತು ಅಣ್ಣ. ನಾನು ಬರ್ಬೇಕಿತ್ತು."